ಪಟದ ಹಿಂದಿನ ಬೀಗದಕೈ

ಊಟದ ಮೇಜಿನಲ್ಲಿ ಗೋಡೆ ತಮ್ಮ ಎಡಕ್ಕೆ ಬರುವಂತೆ ಕುರ್ಚಿ ಹಾಕಿಕೊಂಡು ಕೂರುವುದು ವಯೊಲೆಟ್ ಅವರ ಪದ್ಧತಿ. ಆ ಕಿವಿ ಕೇಳುವುದಿಲ್ಲ. ಮದುವೆಯಾದ ಹೊಸತರಲ್ಲಿ ಸೊಸೆ ಹ್ಯಾಝೆಲ್ ವಿಚಾರಿಸಿದ್ದಳು. ಊರಿನ ಇಗರ್ಜಿಯ ಹಬ್ಬದಲ್ಲಿ ಗರ್ನಾಲು ಹತ್ತಿರದಲ್ಲೇ ಸಿಡಿಯಿತು, ಬೇರೆ ಎಂತ ಇಲ್ಲ ಎಂದು ಅತ್ತೆ ಹೇಳಿ ಮೀನಿಗೆ ಉಪ್ಪು ಸವರತೊಡಗಿದ್ದರು. ಪಟಾಕಿಯಿಂದ ಕಿವಿ ಹೋದವರು ಬೇಕಾದಷ್ಟು ಜನ ಇದ್ದಾರೆ, ಹ್ಯಾಝೆಲ್ ಮತ್ತೆ ಕೇಳಲಿಲ್ಲ.

ಬೆಳ್ತಂಗಡಿ ಕಡೆಯ ಮನೆಗೆ ಬೀಗ ಹಾಕಿ, ಮಾವ ಲಾಜರಸ್ ಮತ್ತು ಅತ್ತೆ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಗಲ್ಫಿನ ದಹ್ರಾನ್‌ಗೆ ಬಂದು ಎರಡು ವಾರ ಕಳೆದಿತ್ತು. ಕಂಪೆನಿಯ ವಸತಿ ಕಾಂಪೌಂಡಿನ ಮೂರು ಕೋಣೆಯ ಮನೆ. ಬೆಳಿಗ್ಗೆ ಆರೂವರೆಗೆ ಮಗ ಆಸ್ಟಿನ್ ಪ್ಲಾಂಟಿಗೆ, ಹ್ಯಾಝೆಲ್ ಖೋಬರಿನ ಕ್ಲಿನಿಕ್ಕಿಗೆ, ಹನ್ನೊಂದು ವರ್ಷದ ಮೊಮ್ಮಗ ಎಲ್ವಿನ್ ಇಂಡಿಯನ್ ಸ್ಕೂಲಿನ ಬಸ್ಸಿಗೆ. ಆಮೇಲೆ ಮನೆ ಇಬ್ಬರು ಮುದುಕರದ್ದು. ವಯೊಲೆಟ್ ಅಡುಗೆಮನೆಯನ್ನು ವಶಕ್ಕೆ ತೆಗೆದುಕೊಂಡಿದ್ದರು. ಲಾಜರಸ್ ಎ.ಸಿ.ಯ ರಿಮೋಟನ್ನು.

ಆ ಶುಕ್ರವಾರ ಕತೀಫ್ ಮಾರ್ಕೆಟ್ಟಿನಿಂದ ತಂದ ಅಂಜಲು ಮೀನು ಹುರಿದಿದ್ದರು. ಎರಡನೆಯ ತುಂಡಿಗೆ ಕೈ ಹಾಕುತ್ತಾ ಆಸ್ಟಿನ್ ವಿಷಯ ತೆಗೆದ. ಕಂಪೆನಿ ಅವನನ್ನು ಎರಡು ವರ್ಷಕ್ಕೆ ಹ್ಯೂಸ್ಟನ್ ಆಫೀಸಿಗೆ ಹಾಕುತ್ತಿದೆ. ಜುಲೈಯಲ್ಲಿ ಹೊರಡಬೇಕು, ಕುಟುಂಬ ಸಮೇತ. ಮನೆ ಹುಡುಕುವ ತಲೆನೋವೂ ಇಲ್ಲ. ಎದುರು ಮನೆಯ ಅಮೆರಿಕನ್, ಅವನ ಡಿಪಾರ್ಟ್‌ಮೆಂಟಿನವನೇ, ಇನ್ನೂ ಮೂರು ವರ್ಷ ಇಲ್ಲೇ ಇರುವವನು, ಅಲ್ಲಿ ತನ್ನ ಖಾಲಿ ಬಿದ್ದ ಮನೆಯನ್ನು ಕಡಿಮೆ ಬಾಡಿಗೆಗೆ ಕೊಡುತ್ತಾನಂತೆ. ಆಸ್ಟಿನ್ ಮೊಬೈಲಿನಲ್ಲಿ ಫೋಟೋ ತೋರಿಸಿದ. ಹುಲ್ಲುಹಾಸು, ಎರಡು ಕಾರಿನ ಗ್ಯಾರೇಜು, ಅಡುಗೆಮನೆಯ ಕಿಟಕಿಯಲ್ಲಿ ನಿಂಬೆ ಗಿಡ. ಹ್ಯಾಝೆಲ್ ಒಂದೊಂದನ್ನೇ ಸರಿಸುತ್ತಾ ಹೋದಳು. ಮಲಗುವ ಕೋಣೆಯ ಫೋಟೋದಲ್ಲಿ, ಮಂಚದ ಪಕ್ಕ, ಗೋಡೆಯೊಳಗೆ ಹುದುಗಿಸಿದ ಒಂದು ಕಬ್ಬಿಣದ ಬಾಗಿಲಿತ್ತು.

"ಇದೆಂತ?"

"ಸೇಫ್. ಅವನ ಎರಡು ಕೋವಿ ಉಂಟು ಅದರಲ್ಲಿ. ತೆಗೀಲಿಕ್ಕೆ ಅವನಿಗೆ ಈಗ ಅಷ್ಟು ದೂರ ಹೋಗ್ಲಿಕ್ಕಾಗೂದಿಲ್ಲ. ಅಲ್ಲೇ ಇರ್ಲಿ ಅಂದ."

ಎಲ್ವಿನ್ ತಲೆಯೆತ್ತಿದ. ಹ್ಯಾಝೆಲ್ ಮೊಬೈಲನ್ನು ಮಗುಚಿ ಇಟ್ಟಳು.

ಅಂದಿನಿಂದ ಆ ಮನೆಯಲ್ಲಿ ಬೇರೆ ಮಾತಿಲ್ಲ. ಬೇರೆ ಮನೆ ನೋಡು ಎಂದು ಹ್ಯಾಝೆಲ್. ಆ ಬಾಡಿಗೆಗೆ ಒಳ್ಳೆಯ ಶಾಲೆಯ ಹತ್ತಿರ ಬೇರೆ ಮನೆ ಕನಸಿನಲ್ಲೂ ಸಿಗುವುದಿಲ್ಲ ಎಂದು ಆಸ್ಟಿನ್. ಅಲ್ಲಿ ಎಲ್ಲರ ಮನೆಯಲ್ಲೂ ಇರುತ್ತದೆ, ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆ ನಿನ್ನನ್ನು ಕಚ್ಚುವುದಿಲ್ಲ ಎಂದ. ಎರಡನೆಯ ವಾರದಲ್ಲಿ ಅವನ ಧ್ವನಿ ಸ್ವಲ್ಪ ಬದಲಾಯಿತು. ಇದ್ದರೆ ಒಳ್ಳೆಯದೇ ಅಲ್ಲವೇ, ಹೊಸ ಜಾಗ, ನಾನು ಸೈಟಿಗೆ ಹೋದರೆ ನೀನು, ಮಗು ಇಬ್ಬರೇ ಎನ್ನತೊಡಗಿದ. ಹೊರದೇಶದವರಿಗೆ ಕೋವಿ ಇಡಲು ಸುಲಭದಲ್ಲಿ ಅನುಮತಿ ಇಲ್ಲವಾದರೂ ಬೇಟೆಯ ಲೈಸೆನ್ಸ್ ಮಾಡಿಸಿಕೊಂಡರೆ ಸಾಕು ಎಂದು ಎದುರು ಮನೆಯವನು ಹೇಳಿದ್ದನಂತೆ. ಅಲ್ಲಿಯೂ ಕಾಡುಹಂದಿಗಳ ಕಾಟವಂತೆ.

ಹಂದಿ ಎಂದದ್ದೇ ಲಾಜರಸ್ ಅವರ ಬೆನ್ನು ನೆಟ್ಟಗಾಯಿತು. ಊರಿನಲ್ಲಿ ಗದ್ದೆ ಕಾಯಲು ಅವರ ಅಪ್ಪನ ಕಾಲದಿಂದ ಒಂದು ನಳಿಗೆಯ ಕೋವಿ ಇತ್ತು. ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸ್ ಇವರ ಹೆಸರಿಗೆ ಆಯಿತು. ಪ್ರತಿ ಚುನಾವಣೆಗೆ ಕೋವಿಯನ್ನು ಠಾಣೆಯಲ್ಲಿ ಡಿಪಾಸಿಟ್ ಇಡಬೇಕು. ಆ ಸಾಲಿನಲ್ಲಿ ಮೊದಲು ನಿಲ್ಲುವವರು ತಾವೇ ಎಂಬುದು ಅವರ ಹೆಮ್ಮೆ. ಕೊಟ್ಟ ರಸೀದಿಗಳನ್ನೆಲ್ಲ ಬೈಬಲಿನ ಚೀಲದಲ್ಲಿ ಜೋಪಾನ ಮಾಡಿದ್ದರು. ಗದ್ದೆ ಬೇಸಾಯವಿಲ್ಲದೆ ಹಡಿಲು ಬಿದ್ದು ಹತ್ತು ವರ್ಷವಾದರೂ ಕೋವಿಯನ್ನು ಬಿಟ್ಟಿರಲಿಲ್ಲ.

"ಕೋವಿ ಎಂತ ಮಾಡ್ತದೆ ಮಗಾ? ಅದು ಮೂಲೆಯಲ್ಲಿ ನಿಂತಿರ್ತದೆ. ಮಾಡುವವ ಮನುಷ್ಯ. ಜವಾಬ್ದಾರಿ ಇದ್ದವನ ಮನೆಯಲ್ಲಿ ಅದೂ ಒಂದು ಹಾರೆ, ಪಿಕ್ಕಾಸು."

"ಹಾರೆ ಹಿಡ್ಕೊಂಡು ಯಾರೂ ಶಾಲೆಗೆ ನುಗ್ಗೂದಿಲ್ಲ ಪಪ್ಪಾ," ಎಂದಳು ಹ್ಯಾಝೆಲ್.

"ನಮ್ಮ ಮನೆಯಲ್ಲಿ ಐವತ್ತು ವರ್ಷದಿಂದ ಉಂಟು. ಏನಾದ್ರೂ ಆಯ್ತಾ? ಕೇಳು ನಿನ್ನ ಅತ್ತೆ ಹತ್ರ."

ಹ್ಯಾಝೆಲ್ ಅತ್ತೆಯ ಕಡೆ ನೋಡಿದಳು. ವಯೊಲೆಟ್ ತಟ್ಟೆಯ ಅನ್ನವನ್ನು ಒಂದು ಬದಿಗೆ ಒತ್ತರಿಸುತ್ತಿದ್ದರು. ಗಂಡ ಕೂತದ್ದು ಅವರ ಬಲಗಡೆಗೆ. ಕೇಳಿಸದಿರುವ ಸಾಧ್ಯತೆ ಇರಲಿಲ್ಲ.

"ಸಾರು ತಣಿಯಿತು," ಎಂದು ಅವರು ಪಾತ್ರೆ ಎತ್ತಿಕೊಂಡು ಎದ್ದರು.

ಹ್ಯೂಸ್ಟನ್ನಿನ ಶಾಲೆಯ ಕಾಗದಪತ್ರಗಳು ಮಾರ್ಚ್ ಮೊದಲ ವಾರ ಬಂದವು. ಸಮವಸ್ತ್ರ, ಊಟ, ಬಸ್ಸು, ಲಸಿಕೆ. ಅದರ ನಡುವೆ ನಾಲ್ಕು ಪುಟ, ಬಂದೂಕು ಹಿಡಿದವನು ಒಳಗೆ ಬಂದರೆ ಮಕ್ಕಳು ಏನು ಮಾಡಬೇಕು ಎಂದು. ಬೆಂಕಿ ಬಿದ್ದರೆ ಏನು ಮಾಡಬೇಕು ಎನ್ನುವಷ್ಟೇ ಸಾಧಾರಣ ಮಾತಿನಲ್ಲಿ ಬರೆದಿದ್ದರು. ದೀಪ ಆರಿಸಿ. ಬಾಗಿಲಿನ ಗಾಜಿನಿಂದ ದೂರ ಕುಳಿತುಕೊಳ್ಳಿ. ಫೋನು ಸದ್ದು ಮಾಡದಿರಲಿ. ಹ್ಯಾಝೆಲ್ ಆ ಪುಟಗಳನ್ನು ಓದಿ ಕಡತದ ತಳಕ್ಕೆ ಸೇರಿಸಿದಳು. ಕ್ಲಿನಿಕ್ಕಿನಲ್ಲಿ ಜೊತೆಗೆ ಕೆಲಸ ಮಾಡುವ ಬಂಟ್ವಾಳದ ಆಸಿಯಾ ಹತ್ತಿರ ಮಾತ್ರ ಹೇಳಿಕೊಂಡಳು. ಆಸಿಯಾ ಸಮಾಧಾನ ಮಾಡಲಿಲ್ಲ. ತನ್ನ ಅಣ್ಣನ ಮಗಳು ಅಲ್ಲಿ ಒಂದನೇ ಕ್ಲಾಸು, ಅಡಗಿ ಕೂತಾಗ ಬೆಳಕು ಕಾಣುತ್ತದೆ ಎಂದು ಮಿನುಗುವ ಶೂ ಬೇಡ ಅನ್ನುತ್ತದಂತೆ ಎಂದಳು. ಆ ದಿನ ಹ್ಯಾಝೆಲ್ ರೋಗಿಗಳ ಎರಡು ಫೈಲು ಅದಲುಬದಲು ಮಾಡಿದಳು.

ಮರುವಾರ ಒಂದು ದಿನ ಸಂಜೆ ನಾಲ್ಕೂವರೆಗೆ ಮನೆಗೆ ಬಂದಾಗ ಎಲ್ವಿನ್‌ನ ಬ್ಯಾಗು ಸೋಫಾದ ಮೇಲಿತ್ತು. ಮೇಜಿನಲ್ಲಿ ಅರ್ಧ ಕುಡಿದ ಹಾಲು. ಕರೆದಳು. ಉತ್ತರವಿಲ್ಲ. ಅತ್ತೆ ಒಳಗೆ ಬಲಮಗ್ಗುಲಾಗಿ ಮಲಗಿದ್ದರು. ಕೇಳುವ ಕಿವಿ ದಿಂಬಿಗೆ ಒತ್ತಿಕೊಂಡು ಮಲಗಿದರೆ ಅವರಿಗೆ ಗುಡುಗೂ ಕೇಳುವುದಿಲ್ಲ. ಮಾವ ನಡೆಯಲು ಹೋಗಿದ್ದರು. ಬಚ್ಚಲು, ಮಂಚದ ಅಡಿ, ಹಿತ್ತಲು, ಎಲ್ಲಿಯೂ ಇಲ್ಲ. ಈಜುಕೊಳದ ಕಡೆ ಓಡಿದಳು. ನೀರು ನಿಶ್ಚಲವಾಗಿತ್ತು. ಗೇಟಿನ ಕಾವಲುಗಾರ ಮುಝಫ್ಫರ್, ಮಗು ಬಸ್ಸಿನಿಂದ ಇಳಿದದ್ದು ನೋಡಿದ್ದೇನೆ, ಹೊರಗೆ ಹೋದದ್ದು ನೋಡಿಲ್ಲ ಎಂದ. ತಿರುಗಿ ಓಡಿ ಬಂದು ಮನೆಯ ನಡುವೆ ನಿಂತು ಮಗನ ಹೆಸರು ಹಿಡಿದು ಕಿರುಚಿದಳು. ಆ ಸದ್ದಿಗೆ ವಯೊಲೆಟ್ ಎದ್ದು ಬಂದರು.

ಅವರು ನೇರ ಹೋಗಿ ಹಜಾರದ ಕಪಾಟಿನ ಬಾಗಿಲು ತೆಗೆದರು. ಅದು ಕೋಟು, ಕಂಬಳಿ ತೂಗುಹಾಕುವ ಕಪಾಟು. ಅದರ ಬಾಗಿಲಿನ ಒಳಬದಿಯಲ್ಲೇ ಆ ಮನೆಯ ದೇವರು, ಯೇಸುವಿನ ಪವಿತ್ರ ಹೃದಯದ ಪಟ. ಕೆಳಗೊಂದು ಮೊಳೆಯಲ್ಲಿ ಜಪಮಾಲೆಗಳು. ಬೇರೆ ಧರ್ಮದ ಪ್ರಾರ್ಥನೆ ಹೊರಗೆ ಕಾಣಬಾರದ ದೇಶವಾದ್ದರಿಂದ, ಸಂಜೆ ಜಪಮಾಲೆಯ ತೇರ್ಸ್ ಹೇಳುವ ಹೊತ್ತಿಗೆ ಕಿಟಕಿ ಮುಚ್ಚಿ, ಕಪಾಟಿನ ಬಾಗಿಲು ತೆರೆದು, ಮುಗಿದ ಮೇಲೆ ಮುಚ್ಚಿಬಿಡುವುದು. ಎಲ್ವಿನ್ ಕೋಟುಗಳ ಅಡಿಯಲ್ಲಿ ಮೊಣಕಾಲು ಎದೆಗೆ ಒತ್ತಿಕೊಂಡು ಕುಳಿತಿದ್ದ. ಶೂಗಳನ್ನು ಕಳಚಿ ಕೈಯಲ್ಲಿ ಹಿಡಿದಿದ್ದ. ಬೆವರಿನಿಂದ ಅಂಗಿ ತೊಯ್ದಿತ್ತು.

ಹ್ಯಾಝೆಲ್ ಅವನ ರಟ್ಟೆ ಹಿಡಿದು ಎಳೆದಳು. ಹೊಡೆಯಲು ಎತ್ತಿದ ಕೈ ತಾನಾಗಿಯೇ ಇಳಿಯಿತು. "ನಾನು ಕರೆದದ್ದು ಕೇಳಿಲ್ವಾ?"

"ಕೇಳಿತು."

"ಮತ್ತೆ?"

"ಡ್ರಿಲ್ ಮಾಡ್ತಿದ್ದೆ ಮಮ್ಮಾ. ಗೊತ್ತಿರುವವರ ವಾಯ್ಸ್ ಆದ್ರೂ ಆನ್ಸರ್ ಮಾಡ್ಬಾರ್ದು." ಅವನು ಶೂಗಳನ್ನು ಒಂದರ ಪಕ್ಕ ಒಂದು ಸರಿಯಾಗಿ ಇಟ್ಟ. "ನಿಮ್ಮ ಹಿಂದೆ ಕೋವಿ ಹಿಡಿದವ ನಿಂತು ನಿಮ್ಮಿಂದ ಕರೆಸ್ತಾ ಇರ್ಬಹುದಲ್ಲ."

ಕಡತದ ತಳದ ಪುಟಗಳನ್ನು ಅವನು ತಾಯಿಗಿಂತ ಮೊದಲೇ ಓದಿದ್ದ.

ಆ ರಾತ್ರಿಯ ಊಟದಲ್ಲಿ ಹ್ಯಾಝೆಲ್ ಇದನ್ನು ಹೇಳಿದಾಗ ಆಸ್ಟಿನ್, ಹುಡುಗರು ಎಲ್ಲದರಲ್ಲೂ ಆಟ ಆಡುತ್ತಾರೆ ಎಂದ. ಹೇಳುವಾಗ ಅವನ ದೃಷ್ಟಿ ಮಗನ ಮೇಲೆ ಇರಲಿಲ್ಲ. ಹ್ಯಾಝೆಲ್ ತಾನೂ ಮಗುವೂ ಎಲ್ಲಿಗೂ ಬರುವುದಿಲ್ಲ, ನೀನೊಬ್ಬನೇ ಹೋಗು ಎಂದಳು. ಹೋಗದಿದ್ದರೆ ಇಲ್ಲಿಯೂ ಕೆಲಸ ಉಳಿಯುವುದಿಲ್ಲ, ವಾಸದ ಪರವಾನಗಿ ಇಕಾಮಾ ಮುಗಿದರೆ ಮೂವರೂ ಊರಿಗೆ ಎಂದು ಅವನು. ಮಾತು ಬೆಳೆಯಿತು. ಲಾಜರಸ್ ರೊಟ್ಟಿ ಹರಿಯುತ್ತಾ, ಹೆಂಗಸರ ಹೆದರಿಕೆಗೆ ಬಾಗಿದರೆ ಗಂಡಸು ಮನೆಯಿಂದ ಅಂಗಳಕ್ಕೂ ಇಳಿಯುವ ಹಾಗಿಲ್ಲ ಎಂದು ಹೇಳಿ ನಕ್ಕರು.

ಗುರುವಾರ ಸಂಜೆ ಆಸ್ಟಿನ್ ಎದುರು ಮನೆಯಿಂದ ಬೀಗದಕೈಗಳ ಗೊಂಚಲು ಹಿಡಿದುಕೊಂಡು ಬಂದ. ಭಾನುವಾರ ಬಾಡಿಗೆಯ ಕರಾರಿಗೆ ಸಹಿ. ಮುಂಬಾಗಿಲಿನದ್ದು, ಗ್ಯಾರೇಜಿನದ್ದು, ಮತ್ತೆ ಹಿತ್ತಾಳೆಯ ಪುಟ್ಟದೊಂದು. ಅದು ಯಾವುದು ಎಂದು ಹ್ಯಾಝೆಲ್ ಕೇಳಲಿಲ್ಲ, ಅವನೂ ಹೇಳಲಿಲ್ಲ. ಎಲ್ಲಿಡುವುದೆಂದು ಅವನು ಅತ್ತಿತ್ತ ನೋಡಿದ. ಕಳೆದುಹೋಗಬಾರದು, ಮಗು ಮುಟ್ಟಬಾರದು. ಕಪಾಟಿನ ಬಾಗಿಲು ತೆಗೆದು, ಪವಿತ್ರ ಹೃದಯದ ಪಟದ ಕೆಳಗಿನ ಮೊಳೆಗೆ, ಜಪಮಾಲೆಗಳ ಹಿಂದೆ ತೂಗುಹಾಕಿದ.

ಏಳು ಗಂಟೆಗೆ ಐವರೂ ತೇರ್ಸಿಗೆ ಕುಳಿತರು. ಮೊಣಕಾಲು ನೋವಿನಿಂದ ಲಾಜರಸ್ ಕುರ್ಚಿಯಲ್ಲಿ, ಉಳಿದವರು ನೆಲದಲ್ಲಿ. ಎಂದಿನಂತೆ ವಯೊಲೆಟ್ ಮುಂದೆ ಹೇಳುತ್ತಿದ್ದರು, ಉಳಿದ ನಾಲ್ವರು ಹಿಂದೆ. ತೇರ್ಸಿನ ಐದು ರಹಸ್ಯಗಳಲ್ಲಿ ಮೂರನೆಯದರ ನಡುವೆ, ನಮಾನ್ ಮರಿಯೆ ಜಪದ ಅರ್ಧದಲ್ಲಿ, ಅವರ ಧ್ವನಿ ನಿಂತಿತು. ಮರೆತರೇನೋ ಎಂದು ಹ್ಯಾಝೆಲ್ ಮುಂದಿನ ಶಬ್ದ ಹೇಳಿಕೊಟ್ಟಳು. ಅವರು ಕಪಾಟಿನ ಬಾಗಿಲನ್ನೇ ನೋಡುತ್ತಿದ್ದರು.

"ಆಸ್ಟಿನ್, ಅದು ಯಾವುದರ ಕೀ?"

"ಆ ಮನೆಯದ್ದು ಮಮ್ಮಿ."

"ಸಣ್ಣದು?"

ಅವನು ತನ್ನ ಕೈಯ ಮಣಿಗಳನ್ನು ನೋಡಿದ.

"ತೆಗಿ ಅದನ್ನು ಅಲ್ಲಿಂದ."

"ವಯೊಲೆಟ್, ಪ್ರಾರ್ಥನೆ ಮುಗಿಸು ಮೊದಲು," ಎಂದರು ಲಾಜರಸ್.

ವಯೊಲೆಟ್ ಕುಳಿತಲ್ಲೇ ತಿರುಗಿದರು. ಗಂಡನ ಕಡೆಗೆ ಈಗ ಅವರ ಎಡಗಿವಿ ಇತ್ತು. "ಇವರು ಎಂತ ಹೇಳ್ತಾರೋ ಹೇಳ್ಲಿ, ಈ ಕಿವಿಗೆ ಬೀಳೂದಿಲ್ಲ," ಎಂದು ಮಗನಿಗೆ ಹೇಳಿದರು. "ನಮ್ಮ ಮನೆಯಲ್ಲೂ ಕೋವಿಯ ಕಪಾಟಿನ ಕೀ ಪವಿತ್ರ ಹೃದಯದ ಪಟದ ಹಿಂದೆ ಇತ್ತು. ನಿಮ್ಮಜ್ಜ ಇಟ್ಟದ್ದು. ದೇವರ ಪಟಕ್ಕೆ ಯಾರೂ ಕೈ ಹಾಕೂದಿಲ್ಲ ಅಂತ. ಅದರ ಕೆಂಪು ನೂಲು ಪಟದ ಕೆಳಗೆ ಇಷ್ಟು ಕಾಣ್ತಿತ್ತು. ನಿನಗೆ ಐದು ವರ್ಷ. ತೇರ್ಸ್ ಹೇಳುವಾಗ ಬೇರೆ ಮಕ್ಕಳು ತೂಕಡಿಸಿದ್ರೂ ನೀನು ಪಟವನ್ನೇ ನೋಡ್ತಾ ಕೂರ್ತಿದ್ದಿ. ಮಗನಿಗೆ ಎಷ್ಟು ಭಕ್ತಿ ಅಂತ ನಾನು ಆಚೆಮನೆಯವರ ಹತ್ರ ಹೇಳಿಕೊಂಡು ಬಂದೆ. ನೀನು ನೋಡ್ತಿದ್ದದ್ದು ಕೀಯನ್ನು."

ಆಸ್ಟಿನ್ ಪಟದ ಕೆಳಗಿನ ಮೊಳೆಯ ಕಡೆ ತಿರುಗಿದ. ಅವರು ಮುಂದುವರಿಸಿದರು.

"ಹಂದಿ ಓಡಿಸ್ಲಿಕ್ಕೆ ಹೋಗಿ ಬಂದು ಇವರು ಕೋವಿಯಿಂದ ತೋಟೆ ತೆಗೀದೆ ಹಾಗೇ ಇಟ್ಟಿದ್ರು. ಮರುದಿನ ಹಗಲು ನಾನು ಮಸಾಲೆ ಕಡೀತಾ ಇದ್ದೆ. ನೀನು ಹಿಂದಿನಿಂದ ಬಂದು, ಮಮ್ಮಿ ನೋಡು, ಅಂದಿ. ತಿರುಗಿದೆ. ತಿರುಗಿದ್ದಕ್ಕೆ ತಲೆ ಉಳಿಯಿತು. ಕಿವಿ ಹೋಯ್ತು. ಮಾಡಿನ ಹಂಚು ಎಂಟೋ ಒಂಬತ್ತೋ ಒಡೆದಿತ್ತು."

"ಗರ್ನಾಲು ಅಂತ ಹೇಳಿದ್ರಲ್ಲ?" ಆಸ್ಟಿನ್‌ನ ಧ್ವನಿ ಸಣ್ಣ ಮಗುವಿನದ್ದಾಗಿತ್ತು. "ನಾನಾ? ನಾನಾ ಮಾಡಿದ್ದು?"

"ನೀನಲ್ಲ. ನಿನ್ನ ಕೈ."

ಲಾಜರಸ್ ಎದ್ದು ನಿಂತಿದ್ದರು. ಗೊತ್ತಾಗಿದ್ದರೆ ಪೊಲೀಸರು ಬಂದು ಮಗುವನ್ನು ಕೂರಿಸಿ ಕೇಳುತ್ತಿದ್ದರು, ಊರಿಡೀ ಮಗನನ್ನು ತೋರಿಸಿ ಮಾತಾಡುತ್ತಿತ್ತು, ಮಗನಿಗೋಸ್ಕರ ಮುಚ್ಚಿಟ್ಟದ್ದು ಎಂದು ಒಂದೇ ಉಸಿರಿಗೆ ಹೇಳಿದರು. ವಯೊಲೆಟ್ ಈಗ ಅವರ ಕಡೆ ಬಲಗಿವಿ ತಿರುಗಿಸಿ ಪೂರ್ತಿ ಕೇಳಿದರು.

"ಮಗನಿಗೋಸ್ಕರ ಅರ್ಧ," ಎಂದರು. "ಲೈಸೆನ್ಸಿಗೋಸ್ಕರ ಅರ್ಧ. ರಿನಿವಲ್ ಆಗುವಾಗೆಲ್ಲ ಠಾಣೆಯ ಬೆಂಚಿನಲ್ಲಿ ನಾನೂ ಕೂತಿದ್ದೆ. ಏನಾದ್ರೂ ಆಗಿದ್ದುಂಟಾ ಅಂತ ಅವರು ಕೇಳೂದು, ಇಲ್ಲ ಅಂತ ನೀವು ಹೇಳೂದು. ನಾನು ನೆಲ ನೋಡೂದು."

ತೇರ್ಸ್ ಅಲ್ಲಿಗೇ ನಿಂತಿತು. ಆ ಮನೆಯಲ್ಲಿ ಹಾಗೆ ಆದದ್ದು ಅದೇ ಮೊದಲು. ಎಲ್ವಿನ್ ತಂದೆಯ ಕೈಗಳನ್ನು ನೋಡುತ್ತಿದ್ದ. ಹ್ಯಾಝೆಲ್ ಅವನನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು.

ಮರುದಿನ ಶುಕ್ರವಾರ. ಮೀನು ತರಲು ಯಾರೂ ಹೋಗಲಿಲ್ಲ. ಮೊಟ್ಟೆಯ ಸಾರು, ಖುಬೂಸ್ ರೊಟ್ಟಿ. ಆಸ್ಟಿನ್ ಕ್ಷೌರ ಮಾಡಿರಲಿಲ್ಲ. ಬಡಿಸುತ್ತಾ ಹ್ಯಾಝೆಲ್‌ಗೆ ಒಂದು ಪ್ರಶ್ನೆ ಬಂತು. ರಾತ್ರಿಯಿಡೀ ಅದು ಬಂದಿರಲಿಲ್ಲ ಎನ್ನುವುದೇ ಅವಳಿಗೆ ಆಶ್ಚರ್ಯ.

"ಪಪ್ಪಾ, ಈಗ ಆ ಕೋವಿ ಎಲ್ಲಿ?"

"ಮನೆಯಲ್ಲಿ. ಅದರ ಕಪಾಟಿನಲ್ಲಿ. ಬೀಗ ಹಾಕಿ ಉಂಟು."

"ಮನೆಯ ಒಳಗೆ ಯಾರು ಹೋಗ್ತಾರೆ?"

ಪಕ್ಕದ ಮನೆಯ ಅಬ್ದುಲ್ಲ ಕುಂಞಿ ವಾರಕ್ಕೊಮ್ಮೆ ಕಿಟಕಿ ತೆಗೆದು ಗುಡಿಸಿ ಹೋಗುತ್ತಾನೆ, ನಲವತ್ತು ವರ್ಷದ ಸ್ನೇಹ, ಅವನಿಗಿಂತ ನಂಬಿಗಸ್ತ ಬೇರೆ ಇಲ್ಲ ಎಂದರು ಲಾಜರಸ್. ಹೇಳುತ್ತಾ ಹೇಳುತ್ತಾ ಅವರ ಮಾತು ನಿಧಾನವಾಯಿತು. "ಮೊಮ್ಮಕ್ಕಳು ಇರ್ತಾರೆ ಅವನೊಟ್ಟಿಗೆ," ಎಂದರು. "ಎರಡು ಜನ. ಸಣ್ಣದಕ್ಕೆ ಆರು ವರ್ಷ."

ಲಾಜರಸ್ ಎಡಗೈಯಿಂದ ಫೋನು ಒತ್ತಿ ಮೇಜಿನ ಮೇಲಿಟ್ಟರು. ಅಬ್ದುಲ್ಲ ಕುಂಞಿಯ ಧ್ವನಿ ಮನೆ ತುಂಬಿತು. ಎಂತ ಪೊರ್ಬುಗಳೇ, ಒಂಟೆ ಬಿರಿಯಾನಿ ತಿಂದು ನಮ್ಮನ್ನು ಮರೆತಿರಾ ಎಂದು ಅವನು ನಗೆಯಾಡಿದ. ಲಾಜರಸ್ ನಗಲಿಲ್ಲ. ಈಗಲೇ ಮನೆಗೆ ಹೋಗು, ಫೋನು ಇಡಬೇಡ ಎಂದರು. ಬೀಗ ತೆಗೆಯುವ ಸದ್ದು, ಬಾಗಿಲಿನ ಕಿರುಗುಟ್ಟು, ಹಿಂದೆ ಮಗುವೊಂದರ ಮಾತು ಕೇಳಿಸಿತು.

"ಅಬ್ದುಲ್ಲ, ದೇವರ ಆಲ್ತಾರಿನ ದೊಡ್ಡ ಪಟದ ಹಿಂದೆ ಕೈ ಹಾಕು. ಒಂದು ಕೀ ಉಂಟು. ತೆಗೆದು ನಿನ್ನ ಕಿಸೆಯಲ್ಲಿ ಇಟ್ಕೊ."

ಪಟ ಗೋಡೆಗೆ ಉಜ್ಜುವ ಸದ್ದು ಕೇಳಿಸಿತು.

"ಇಲ್ಲಿ ಎಂತದೂ ಇಲ್ಲವಲ್ಲ ಮಾರಾಯ್ರೆ."

"ಸರಿ ನೋಡು. ಕೆಂಪು ನೂಲು ಉಂಟು ಅದಕ್ಕೆ."

"ಪಟ ಇಳಿಸಿಯೇ ನೋಡ್ತಿದ್ದೇನೆ. ಜೇಡನ ಬಲೆ ಬಿಟ್ರೆ ಎಂತ ಇಲ್ಲ."

ಲಾಜರಸ್ ಫೋನಿನ ಮೇಲೆ ಬಾಗಿದರು. ಮಕ್ಕಳು ಎಲ್ಲಿ, ಸಣ್ಣದು ಎಲ್ಲಿ ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಕಪಾಟಿನ ಬಾಗಿಲು ನೋಡು ಎಂದರು. ಅವರ ಕೈ ತಗುಲಿ ಸಾರಿನ ಬಟ್ಟಲು ಮಗುಚಿತು.

"ಕೀ ಇಲ್ಲುಂಟು," ಎಂದರು ವಯೊಲೆಟ್.

ಅವರು ಜಪಮಾಲೆ ಇಡುವ ಚರ್ಮದ ಪುಟ್ಟ ಚೀಲವನ್ನು ಸೊಂಟದಿಂದ ತೆಗೆದು ಜಿಪ್ಪು ಎಳೆದರು. ಬಣ್ಣ ಬಿಟ್ಟ ನೂಲಿನ ಬೀಗದಕೈಯನ್ನು ಖುಬೂಸಿನ ತಟ್ಟೆಯ ಪಕ್ಕ ಇಟ್ಟರು. ಅಬ್ದುಲ್ಲ ಕುಂಞಿ ಆಚೆಯಿಂದ, ಬಾಗಿಲು ಬಿಗಿ ಉಂಟು, ಮಕ್ಕಳು ಅಂಗಳದಲ್ಲಿದ್ದಾರೆ, ಎಂತ ಆಯ್ತು ಹೇಳಿ ಎನ್ನುತ್ತಲೇ ಇದ್ದ. ಹ್ಯಾಝೆಲ್ ಫೋನೆತ್ತಿ ಅವನಿಗೆ ಸಮಾಧಾನ ಹೇಳಿದಳು.

"ಯಾವಾಗ ತೆಗೆದೆ?" ಎಂದರು ಲಾಜರಸ್.

"ಅವತ್ತೇ. ಆಸ್ಪತ್ರೆಯಿಂದ ಬಂದ ದಿನ. ಮೂವತ್ತನಾಲ್ಕು ವರ್ಷ ಆಯ್ತು."

"ಮತ್ತೆ ನಾನು... ಇಲೆಕ್ಷನಿಗೆ, ಹಂದಿಗೆ..."

"ನೀವು ಯಾವತ್ತು ಎದ್ದು ಹೋಗಿ ತಂದದ್ದುಂಟು? ವಯೊಲೆಟ್, ಕೀ ತಾ ಅಂತಿದ್ರಿ. ತರ್ತಿದ್ದೆ. ಕೋವಿ ತಿರುಗಿ ಬಂದ ಮೇಲೆ ತೋಟೆ ಉಂಟಾ ಅಂತ ನಳಿಗೆ ಮಡಚಿ ನೋಡಿ ಬೀಗ ಹಾಕ್ತಿದ್ದೆ."

ಲಾಜರಸ್ ಮಗುಚಿದ ಬಟ್ಟಲನ್ನು ನೆಟ್ಟಗೆ ಮಾಡಿದರು. ಚೆಲ್ಲಿದ ಸಾರನ್ನು ಒರೆಸಲು ಬಟ್ಟೆ ಹುಡುಕಿದರು. ಎಲ್ಲಿರುತ್ತದೆ ಎಂದು ಗೊತ್ತಿರಲಿಲ್ಲ. ಊರಿಗೆ ಹೋದ ಕೂಡಲೇ ಠಾಣೆಗೆ ಒಪ್ಪಿಸಿ ಲೈಸೆನ್ಸೂ ವಾಪಸು ಕೊಡುತ್ತೇನೆ ಎಂದು ಮೇಜಿಗೆ ಹೇಳಿದರು. ಆಗದೆ ಹೋದರೆ ನಾನೇ ಹೋಗಿ ಠಾಣೆಯ ಬೆಂಚಿನಲ್ಲಿ ಕೂತು ಹೇಳುತ್ತೇನೆ ಎಂದು ವಯೊಲೆಟ್ ಹೇಳಿದ್ದಕ್ಕೆ ಎದುರು ಮಾತಾಡಲಿಲ್ಲ.

ಆಸ್ಟಿನ್ ಎದ್ದ. ಮೇಜನ್ನು ಒಂದು ಗೇಣು ಎಳೆದ. ಸ್ಟೂಲೊಂದನ್ನು ತಂದು ಗೋಡೆಗೂ ತಾಯಿಗೂ ನಡುವಿನ ಆ ಇಕ್ಕಟ್ಟಿನಲ್ಲಿ ಹಾಕಿ ಕುಳಿತ. ಅಲ್ಲಿ ಯಾರೂ ಕೂತದ್ದಿಲ್ಲ. ಅವರ ಎಡಗಿವಿಯ ಹತ್ತಿರ ಬಾಗಿ ಏನೋ ಹೇಳಿದ. ಹ್ಯಾಝೆಲ್‌ಗೆ ಕೇಳಿಸಿತು, ಅವಳು ಬೇರೆ ಕಡೆ ನೋಡಿದಳು. ವಯೊಲೆಟ್ ಮಗನ ಕಡೆ ತಿರುಗದೆ ಖುಬೂಸನ್ನು ಎರಡು ಮಾಡಿ ಅವನ ತಟ್ಟೆಗೆ ಹಾಕಿದರು. "ತಿನ್ನು. ನಿನ್ನೆಯಿಂದ ಹೊಟ್ಟೆಗೆ ಎಂತ ಹೋಗ್ಲಿಲ್ಲ."

"ಗ್ರ್ಯಾನಿ," ಎಂದ ಎಲ್ವಿನ್, "ಹ್ಯೂಸ್ಟನ್‌ಗೆ ನೀವೂ ಬರ್ತೀರಾ?"

ವಯೊಲೆಟ್ ಅವನ ತಟ್ಟೆಗೂ ಒಂದು ತುಂಡು ಹಾಕಿದರು. ಊಟವಾದ ಮೇಲೆ ಆಸ್ಟಿನ್ ಕಪಾಟು ತೆಗೆದು ಗೊಂಚಲು ಎತ್ತಿಕೊಂಡು ಎದುರು ಮನೆಗೆ ಹೋದ. ಹ್ಯಾಝೆಲ್ ಅಡುಗೆಮನೆಯ ಕಿಟಕಿಯಿಂದ ನೋಡುತ್ತಾ ನಿಂತಳು. ಬಾಗಿಲು ತೆರೆಯಿತು. ಅಮೆರಿಕನ್ ಭುಜ ಕುಣಿಸಿ ಕೀ ತೆಗೆದುಕೊಂಡು ಕಿಸೆಗೆ ಹಾಕಿದ. ಬೇರೆ ಮನೆ ಸಿಗುತ್ತದೋ, ಸಿಗದಿದ್ದರೆ ಯಾರು ಹೋಗುವುದು ಯಾರು ಉಳಿಯುವುದು, ಅದೊಂದೂ ತೀರ್ಮಾನವಾಗಿರಲಿಲ್ಲ. ಶಾಲೆಯ ನಾಲ್ಕು ಪುಟಗಳು ಕಡತದಲ್ಲಿ ಹಾಗೆಯೇ ಇದ್ದವು.

ಸಂಜೆ ತೇರ್ಸಿಗೆ ಕುಳಿತರು. ನಿನ್ನೆ ನಿಂತಲ್ಲಿಂದಲ್ಲ, ಮೊದಲಿನಿಂದ. ಎರಡನೆಯ ರಹಸ್ಯದಲ್ಲಿ ಹ್ಯಾಝೆಲ್ ಓರೆಗಣ್ಣಿನಿಂದ ಮಗನನ್ನು ನೋಡಿದಳು. ಬೆನ್ನು ನೆಟ್ಟಗೆ, ಕೈ ಮುಗಿದು, ರೆಪ್ಪೆ ಬಡಿಯದೆ ಪಟದ ಕಡೆ ನೋಡುತ್ತಿದ್ದ. ಅವನ ನೋಟದ ಗೆರೆ ಹಿಡಿದು ಅವಳೂ ನೋಡಿದಳು. ಅದು ಪಟದ ಕೆಳಗೆ, ಮೊಳೆಯ ಮೇಲಿತ್ತು.

ಮುಗಿದ ಮೇಲೆ ಬಾಗಿಲು ಮುಚ್ಚುತ್ತಿದ್ದಾಗ ಅವನು ಹತ್ತಿರ ಬಂದ. "ಮಮ್ಮಾ, ಕೀ ಎಲ್ಲಿ?"

"ಎದುರು ಮನೆಯವರಿಗೆ ಕೊಟ್ಟಾಯ್ತು ಪುತಾ. ಇನ್ನು ನಮಗೆ ಬೇಡ."

ಅವನು ತಲೆಯಾಡಿಸಿದ. ಹೋಗಲು ತಿರುಗಿದವನು ಮತ್ತೆ ನಿಂತ.

"ಅವರು ಅದನ್ನು ಎಲ್ಲಿ ಇಡ್ತಾರೆ?"